ಹಕ್ಕಿ ಮಲಗೋ ದಂಡಿಗೆ ಟೆಂಟ್ ಬ್ಯಾಡ

ಈ ಸಲ ಕಬ್ಬು, ಗೊಬ್ಬರ, ಕರೆಂಟಿನ ಸುದ್ದಿ ಬಿಟ್ಟು ಬ್ಯಾರೆ ವಿಷಯ ಬರಿಯಾಕತ್ತೀನಿ. ಧೂಪದಾಳ ಹಿನ್ನೀರಿನ ದಂಡಿಗೆ ಟೆಂಟ್ ಹಾಕಿ, ರಾತ್ರಿ ಮಂದಿ ಮಲಗಿಸಿ ರೊಕ್ಕ ಮಾಡಬಹುದು ಅನ್ನೋ ಮಾತು ನಮ್ಮ ಹುಡುಗರೊಳಗ ಜೋರಾಗೇತಿ. ರಾಯಬಾಗ, ಚಿಕ್ಕೋಡಿ ಕಡೆಯವರೂ "ನಮ್ಮ ಕೃಷ್ಣಾ ದಂಡಿಗೂ ಮಾಡೋಣ" ಅನ್ನಾಕತ್ಯಾರ. ನಾ ಇದಕ್ಕ ವಿರೋಧ ಅದೀನಿ. ಯಾಕ ಅನ್ನೋದು ಉದ್ದಕ್ಕ ಹೇಳ್ತೀನಿ, ಪುರಸೊತ್ತು ಇದ್ದವರು ಪೂರ್ತಿ ಓದ್ರಿ.

ಮೊದಲು ಗೊತ್ತಿಲ್ಲದವರಿಗೆ ಆ ಜಾಗದ ಸಂಗತಿ. ಹಿಡಕಲ್ ಡ್ಯಾಮಿನ ಕೆಳಗ ಧೂಪದಾಳದಾಗ ಬ್ರಿಟಿಷರ ಕಾಲದ ಒಡ್ಡು ಐತಿ. ಘಟಪ್ರಭಾ ಎಡದಂಡೆ ಕಾಲುವಿ ಹೊರಡೋದು ಅಲ್ಲಿಂದನ. ಒಡ್ಡಿನ ಹಿಂದ ನೀರು ಹರಡಿಕೊಂಡು ನಿಂತು, ನಡುವ ನಡುಗಡ್ಡಿ, ಜೊಂಡು, ಕೆಸರು. 1974ರಾಗ ಸರ್ಕಾರ ಅದನ್ನ ಘಟಪ್ರಭಾ ಪಕ್ಷಿಧಾಮ ಅಂತ ಘೋಷಣಾ ಮಾಡೇತಿ, ಸುಮಾರು 30 ಚದರ ಕಿಲೋಮೀಟರ್. ಮಿರಜ್ ಲೈನಿನ ರೈಲಿನ್ಯಾಗ ಕುಡಚಿ, ರಾಯಬಾಗದಿಂದ ಹತ್ತಿ ಘಟಪ್ರಭಾ ಸ್ಟೇಶನ್ನಿಗೆ ಇಳಿದ್ರ ಹತ್ರನ. ನವೆಂಬರಿನಿಂದ ಮಾರ್ಚ್ ತನಕ ದೂರದ ಹಕ್ಕಿ ಬರ್ತಾವ. ಮಂಗೋಲಿಯಾ, ಮಧ್ಯ ಏಷ್ಯಾದ ಕಡೆಯಿಂದ ಡೆಮೊಸೆಲ್ ಕ್ರೇನ್ ಅನ್ನೋ ಬೂದು ಬಣ್ಣದ ಕ್ರೌಂಚ ಹಕ್ಕಿ ಬರೋದು ಇಲ್ಲಿಯ ವಿಶೇಷ. ಕುತ್ತಿಗಿ ಕರ್ರಗ, ಕಣ್ಣಿನ ಹಿಂದ ಬಿಳಿ ಗರಿಯ ಜುಟ್ಟು. ಹಿಂಡು ಆಕಾಶದಾಗ ಕೂಗ್ಕೊಂತ ಹೋಗೋದು ಕೇಳಿದವರು ಮರೆಯೋದಿಲ್ಲ. ಅದನ್ನ ನೋಡಾಕ ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರದಿಂದ ದುರ್ಬೀನು ಹಿಡಕೊಂಡು ಮಂದಿ ಬರ್ತಾರ. ಅವರ ಮ್ಯಾಲೆ ನನ್ನ ತಕರಾರು ಇಲ್ಲ. ನಸುಕಿನ್ಯಾಗ ಬರ್ತಾರ, ಸುಮ್ಮನ ಕುಂತು ನೋಡ್ತಾರ, ಬಿಸಿಲೇರಿದ ಮ್ಯಾಲೆ ಚಹಾ ಕುಡದು ಹೋಗ್ತಾರ.

ನನ್ನ ತಕರಾರು ರಾತ್ರಿದು.

ಈ ಕ್ರೌಂಚ ಹಕ್ಕಿ ಹಗಲು ಹೊಲದಾಗ ಮೇಯ್ತಾವ, ರಾತ್ರಿ ತೆಳುನೀರಿನ್ಯಾಗ ಕಾಲು ಮುಳುಗಿಸಿ ನಿಂತು ಮಲಗ್ತಾವ. ನರಿ, ನಾಯಿ ಬಂದ್ರ ನೀರು ಸಪ್ಪಳ ಆಗ್ತೈತಿ, ಎಚ್ಚರಾಗ್ತಾವ. ಅಂದ್ರ ಆ ಕೆಸರು ದಂಡಿ ಅವಕ್ಕ ಮಲಗೋ ಮನಿ. ನಮ್ಮ ಹುಡುಗರು ಟೆಂಟ್ ಹಾಕಬೇಕು ಅನ್ನೋ ಜಾಗಾನೂ ಅದ. ಯಾಕಂದ್ರ ಫೋಟೊ ಛಲೋ ಬರ್ತೈತಿ, ನೀರು ಎದುರಿಗೇ ಇರ್ತೈತಿ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ, ಮಾರ್ಚಿನ್ಯಾಗ ಮತ್ತ ಅಷ್ಟ ದೂರ ಹೋಗಬೇಕು. ಆ ನಾಲ್ಕು ತಿಂಗಳು ತಿಂದು, ಮಲಗಿ ಮೈಯಾಗ ಕೊಬ್ಬು ಕೂಡಿಸಿಕೊಳ್ಳೋ ಕಾಲ. ರಾತ್ರಿ ಹನ್ನೊಂದಕ್ಕ ಒಂದ್ಸಲ, ಒಂದಕ್ಕ ಒಂದ್ಸಲ ಎಬ್ಬಿಸಿ ಹಾರಿಸಿದ್ರ ತಿಂದದ್ದು ಅಲ್ಲೇ ಖರ್ಚಾತು. ನಮ್ಮ ಎಮ್ಮಿಗೆ ರಾತ್ರಿಯೆಲ್ಲಾ ಮಲಗಾಕ ಬಿಡದಿದ್ರ ಮುಂಜಾನೆ ಹಾಲು ಎಷ್ಟು ಕೊಡ್ತೈತಿ? ಲೆಕ್ಕ ಇಷ್ಟ.

ಒಬ್ಬ ತಮ್ಮ ಕೇಳಿದ: "ಕಾಕಾ, ನಾವೂ ರಾತ್ರಿ ಮೋಟರ್ ಚಾಲೂ ಮಾಡಾಕ ಬ್ಯಾಟರಿ ಹಿಡಕೊಂಡು ನೀರಿನ ದಂಡಿಗೆ ಹೋಗ್ತೀವಿ. ನಾವು ಹೋದ್ರ ನಡೀತೈತಿ, ಅವರು ಬಂದ್ರ ಯಾಕ ಬ್ಯಾಡ?" ಕೇಳಬೇಕಾದ ಪ್ರಶ್ನಿನ. ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ರ ನಾವು ರಾತ್ರಿನ ಹೋಗಬೇಕು, ಖುಷಿಗೆ ಹೋಗೋದಲ್ಲ. ಹೋದವರು ದಿನಾ ಒಂದ ದಾರಿಗೆ ಹೋಗ್ತೀವಿ, ಸ್ಟಾರ್ಟರ್ ಒತ್ತಿ ಹೊಲಕ್ಕ ಬರ್ತೀವಿ. ಹಕ್ಕಿಗೂ ಆ ದಾರಿ, ಆ ಬೆಳಕು ರೂಢಿ ಆಗಿರ್ತೈತಿ. ಇಪ್ಪತ್ತು ಟೆಂಟು, ಸ್ಪೀಕರು, ನಡುವ ಬೆಂಕಿ, ಆಕಾಶಕ್ಕ ಬಿಡೋ ಲೈಟು, ಮುಂಜಾನೆ ಡ್ರೋನು, ಇವು ಅದಕ್ಕ ಸರಿಸಾಟಿ ಅಲ್ಲ. ಡ್ರೋನ್ ಕಂಡ್ರ ಹದ್ದು ಬಂತು ಅಂತ ಇಡೀ ಹಿಂಡ ಎದ್ದು ಹೋಗ್ತೈತಿ.

ಇನ್ನ ಕೆಲವರು ಅಂತಾರ, ಹಕ್ಕಿ ಹೋದ್ರ ಹೋಗವಲ್ದ್ಯಾಕ, ಶೇಂಗಾ, ಕಡ್ಲಿ ತಿಂದು ಹಾಳ ಮಾಡ್ತಾವ. ತಿಂತಾವ, ಇಲ್ಲ ಅನ್ನೋದಿಲ್ಲ. ಕಿತ್ತು ಹಾಕಿದ ಶೇಂಗಾ ಹೊಲದಾಗ ಹಿಂಡು ಇಳಿದ್ರ ಹೊಟ್ಟಿ ಉರೀತೈತಿ. ಗದಗ ಜಿಲ್ಲೆ ಮಾಗಡಿ ಕೆರಿ ಸುತ್ತಿನ ರೈತರೂ ಪಟ್ಟೆತಲೆ ಹೆಬ್ಬಾತಿನ ಬಗ್ಗೆ ಹಿಂಗ ಹೇಳ್ತಾರ. ಹಿಮಾಲಯ ದಾಟಿ ಬರೋ ಬಾತು ಅವು. ಆದ್ರ ಆ ಕೆರಿ 2024ರಾಗ ರಾಮ್ಸಾರ್ ಪಟ್ಟಿಗೆ ಸೇರೇತಿ, ಅಂದ್ರ ಜಗತ್ತಿನ ಮಹತ್ವದ ನೀರಿನ ತಾಣಗಳ ಪಟ್ಟಿಗೆ. ಬೆಳಿ ಹಾನಿಗೆ ಪರಿಹಾರ ಕೇಳೋದು ನಮ್ಮ ಹಕ್ಕು, ಅದನ್ನ ಜೋರಾಗಿ ಕೇಳೋಣ. ಅದಕ್ಕ ಟೆಂಟ್ ಮದ್ದಲ್ಲ. ದಂಡಿಯಿಂದ ಎಬ್ಬಿಸಿದ ಹಕ್ಕಿ ಮಂಗೋಲಿಯಾಕ್ಕ ಹೋಗೋದಿಲ್ಲ, ನಿಮ್ಮ ಹೊಲಕ್ಕ ಬರ್ತೈತಿ.

ಹಕ್ಕಿ ಅಂದ್ರ ದೂರದಿಂದ ಬಂದವು ಅಷ್ಟ ಅಲ್ಲ. ನೇಗಿಲದ ಹಿಂದ, ಟ್ರ್ಯಾಕ್ಟರಿನ ಹಿಂದ ಬರೋ ಬೆಳ್ಳಕ್ಕಿ, ಗೊರವಂಕ, ಕಾಗಿ ಏನು ಮಾಡ್ತಾವ ನೋಡೀರಿ? ಕಬ್ಬಿನ ಬೇರು ತಿನ್ನೋ ಗೊಣ್ಣೆಹುಳ, ನಿಪ್ಪಾಣಿ ಕಡೆ ಹುಮಣಿ ಅಂತಾರ, ಅದನ್ನ ಆರಿಸಿ ಆರಿಸಿ ತಿಂತಾವ. ಅದೇ ಹುಳಕ್ಕ ಔಷಧ ಹಾಕಾಕ ನಾವು ಅಂಗಡ್ಯಾಗ ಎಷ್ಟು ಉದ್ರಿ ಮಾಡ್ತೀವಿ? ಕಬ್ಬಿನ ಪಡದಾಗ ಇಲಿ ಹಿಡಿಯೋ ಗೂಗಿ ರಾತ್ರಿನ ಕೆಲಸ ಮಾಡೋದು. ಅದಕ್ಕ ಕತ್ತಲ ಬೇಕು, ಸಪ್ಪಳ ಇರಬಾರದು, ಯಾಕಂದ್ರ ಅದು ಕಿವಿ ಮ್ಯಾಲೆ ಬ್ಯಾಟಿ ಆಡ್ತೈತಿ. ಬ್ಯಾಸಗಿಗೆ ನೀರು ಇಳಿದ ಉಸುಕಿನ್ಯಾಗ, ಹರಳಿನ್ಯಾಗ ಟಿಟ್ಟಿಭ, ನದಿ ರೀವ ಹಕ್ಕಿ ನೆಲದ ಮ್ಯಾಲೇ ತತ್ತಿ ಇಡ್ತಾವ. ಗೂಡು ಅನ್ನೋದು ಇಲ್ಲ, ತತ್ತಿ ಕಲ್ಲಿನಂಗ ಕಾಣ್ತಾವ. ಟೆಂಟಿನ ಗೂಟ ಬಡಿಯೋವಾಗ ಕಾಲಾಗ ಸಿಕ್ಕಿದ್ದೂ ಗೊತ್ತಾಗೋದಿಲ್ಲ. ಉಳಿದ ಅನ್ನ, ಚಿಕನ್ ಎಲುವಿಗೆ ನಾಯಿ ಬಂದು ರೂಢಿ ಆದ್ರ ಉಳಿದ ತತ್ತೀನೂ ಹೋತು.

ಇಲ್ಲಿ ತನಕ ಹಕ್ಕಿ ಮಾತು ಆತು. ಹಕ್ಕಿ ಯಾರಿಗೆ ಬೇಕಾಗಿಲ್ಲ ಅವರು ಇನ್ನ ಮುಂದಿಂದು ಓದ್ರಿ.

ಟೆಂಟಿನ ಸೀಜನ್ನು ಯಾವುದು? ಡಿಸೆಂಬರ್, ಜನವರಿ. ಕ್ರಿಸ್ಮಸ್, ಮೂವತ್ತೊಂದನೇ ತಾರೀಖು, ಸಂಕ್ರಾಂತಿ ಸೂಟಿ. ಅದೇ ವ್ಯಾಳ್ಯಾಕ್ಕ ನಮ್ಮ ಕಬ್ಬು ಎಲ್ಲಿ ಇರ್ತೈತಿ? ಟೋಳಿ ಬರೋದನ್ನ ಕಾಯ್ಕೊಂತ ಹೊಲದಾಗ ನಿಂತಿರ್ತೈತಿ. ಕೆಳಗ ರವದಿ ಒಣಗಿ ಹಪ್ಪಳ ಆಗಿರ್ತೈತಿ. ಕ್ಯಾಂಪ್ ಫೈರಿನ ಒಂದು ಕಿಡಿ ಗಾಳಿಗೆ ಹಾರಿದ್ರ ಸಾಕು, ಒಬ್ಬಾತಂದಲ್ಲ, ಸಾಲಿನ ಹತ್ತು ಮಂದಿದು ಹೋಗ್ತೈತಿ. ಸುಟ್ಟ ಕಬ್ಬಿನ ತೂಕ ಇಳೀತೈತಿ, ಕಾರ್ಖಾನಿಯವರು ಕಡಿತಾನೂ ಮಾಡ್ತಾರ, ಟೋಳಿಯವರು ಮ್ಯಾಲೆ ರೊಕ್ಕ ಕೇಳ್ತಾರ. ಟೆಂಟಿನವ ಮುಂಜಾನೆ ಒಂಬತ್ತಕ್ಕ ಗಾಡಿ ಹತ್ತಿ ಹೋಗಿರ್ತಾನ. ಯಾರ ಮ್ಯಾಲೆ ಕೇಸ್ ಹಾಕ್ತೀರಿ?

ಬಾಟ್ಲಿ ಮಾತು ಹೇಳೋದೇ ಬ್ಯಾಡ. ನೀರು ಇಳಿದ ಜಾಗದಾಗ ಮೇವು, ಕಾಯಿಪಲ್ಯೆ ಮಾಡೋರು ಬರಿಗಾಲಿಲೆ ಕೆಸರಿಗೆ ಇಳೀತಾರ. ಎತ್ತಿನ ಗೊರಸಿನ್ಯಾಗ ಗಾಜು ಮುರಿದ್ರ ಆ ವರ್ಷ ಬಿತ್ತಿಗಿ ಹೋತು ಅಂತನ ತಿಳಿರಿ.

ಕಾಯ್ದೆ ಏನ ಹೇಳ್ತೈತಿ ಅನ್ನೋದೂ ತಿಳಕೊಂಡಿರಬೇಕು. 1972ರ ವನ್ಯಜೀವಿ ಕಾಯ್ದೆ 27ನೇ ಕಲಮಿನ ಪ್ರಕಾರ ಅಭಯಾರಣ್ಯದಾಗ ಅಲ್ಲೇ ಹೊಲ-ಮನಿ ಹಕ್ಕು ಇದ್ದವರು, ಸಾರ್ವಜನಿಕ ರಸ್ತಾದಾಗ ಹೋಗೋರು, ಹಿಂಗ ಕೆಲವರನ್ನ ಬಿಟ್ರ ಬಾಕಿಯವರಿಗೆ ಪರವಾನಗಿ ಬೇಕು. ಅಲ್ಲಿ ಕಸ ಚೆಲ್ಲೋದು, ಪ್ರಾಣಿ-ಪಕ್ಷಿಗೆ ಕಾಟ ಕೊಡೋದೂ ಅದೇ ಕಲಮಿನ್ಯಾಗ ಗುನ್ಹೆ. 30ನೇ ಕಲಮು ಬೆಂಕಿದು. ಧಾಮದ ಹೊರಗ ನಿಮ್ಮ ಸ್ವಂತ ಹೊಲದಾಗ ಮಾಡ್ತೀರಿ ಅಂದ್ರೂ, ಕೃಷಿ ಜಮೀನನ್ನ ಬ್ಯಾರೆ ಧಂಧೆಕ್ಕ ಬಳಸಾಕ ಭೂಕಂದಾಯ ಕಾಯ್ದೆ 95ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿ ಪರವಾನಗಿ ಬೇಕಾಗ್ತೈತಿ. ರಾತ್ರಿ ಹತ್ತರಿಂದ ಮುಂಜಾನೆ ಆರರ ತನಕ ಬಯಲಾಗ ಸ್ಪೀಕರ್ ಹಚ್ಚಂಗಿಲ್ಲ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಐತಿ. ಜಾತ್ರಿಯಾಗ ಪೊಲೀಸರು ನಮ್ಮ ಡೊಳ್ಳು ನಿಲ್ಲಸ್ತಾರಲ್ಲ, ಅದೇ ನಿಯಮ.

ನಮ್ಮ ಬೀಗರೊಬ್ಬರ ಹೊಲ ನೀರಿನ ದಂಡಿಗೆ ಐತಿ. ಅವರ ಹತ್ರ ಒಬ್ಬಾತ 20 ಗುಂಟೆಕ್ಕ 11 ತಿಂಗಳ ಕರಾರು ತಂದಿದ್ದ. ನಾ ಓದಿ ನೋಡಿದ್ನಿ. ಗಿರಾಕಿ ಅವಂದು, ಬುಕಿಂಗ್ ಅವಂದು, ರೊಕ್ಕ ಅವನ ಖಾತೆಕ್ಕ. ಪರವಾನಗಿ, ಕಸ, ಜಗಳ, ಅನಾಹುತ ಏನಾದ್ರೂ ಜವಾಬ್ದಾರಿ "ಜಮೀನು ಮಾಲೀಕರದು". ಎಸ್ಸೆಸ್ಸೆಲ್ಸಿ ಓದಿದ ನನಗ ತಿಳೀತು, ದೊಡ್ಡ ಓದು ಓದಿದ ಹುಡುಗರಿಗೆ ಯಾಕ ತಿಳೀವಲ್ದು ಅಂತೀನಿ. ಬೀಗರು ಸಹಿ ಮಾಡಲಿಲ್ಲ.

ಅನಾಹುತ ಅಂದ್ನಲ್ಲ, ಅದು ಬರೇ ಮಾತಲ್ಲ. 2025ರ ಮಾರ್ಚಿನ್ಯಾಗ ಕೊಪ್ಪಳ ಜಿಲ್ಲೆ ಸಾಣಾಪುರ ಹತ್ರ ಕಾಲುವಿ ದಂಡಿಗೆ ರಾತ್ರಿ ಕುಂತಿದ್ದ ಪ್ರವಾಸಿಗರ ಮ್ಯಾಲೆ ದಾಳಿ ಆತು. ಇಬ್ಬರು ಹೆಣ್ಮಕ್ಕಳ ಮ್ಯಾಲೆ ಅತ್ಯಾಚಾರ, ನೀರಿಗೆ ತಳ್ಳಿಸಿಕೊಂಡ ಒಬ್ಬ ಸತ್ತ. ಊರ ಹೊರಗ, ಕತ್ತಲ್ದಾಗ, ನೀರಿನ ಬಾಜೂಕ ಪರ ಊರಿನ ಮಂದಿ ಮಲಗಿಸಿದ್ರ ಅವರನ್ನ ಕಾಯೋರು ಯಾರು? ಪಂಚಾಯ್ತಿಗೆ ಇರೋದು ಒಬ್ಬ ವಾಟರ್‌ಮನ್. ಪುಣೆದಾಗ ದುಡಿಯೋ ನಮ್ಮ ಹುಡುಗರು "ಲೋಣಾವಳಾ ಹತ್ರ ಪವನಾ ಡ್ಯಾಮಿನ ದಂಡಿ ನೋಡ್ರಿ, ರೈತರು ಹೆಂಗ ಗಳಸ್ತಾರ" ಅಂತಾರ. ಗಳಿಸಿದವರು ಅದಾರ, ಸುಳ್ಳಲ್ಲ. ಆದ್ರ ಪವನಾಕ್ಕ ಮಂದಿ ಹೋಗೋದು ಹಕ್ಕಿ ನೋಡಾಕಲ್ಲ. ಪುಣೆ, ಮುಂಬೈ ಬಾಜೂಕ ಇರೋದರಿಂದ ಅದು ನಡೀತೈತಿ. ಧೂಪದಾಳಕ್ಕ ಮಂದಿ ಬರೋದು ಹಕ್ಕಿಗೆ. ಹಕ್ಕಿ ಎದ್ದು ಹೋದ ಮ್ಯಾಲೆ ಟೆಂಟಿಗೆ ಯಾರ ಬರ್ತಾರ? ಹಾಲು ಕೊಡೋ ಎಮ್ಮಿ ಮಾರಿ ಗಿಂಡಿ ತಂದಂಗ ಆತು.

ಹಂಗಾರ ರೊಕ್ಕ ಬ್ಯಾಡೇನು ಅಂದ್ರ, ಬೇಕು. ನನಗೂ ಬೇಕು. ಮಂಡ್ಯ ಜಿಲ್ಲೆ ಕೊಕ್ಕರೆ ಬೆಳ್ಳೂರಾಗ ಊರ ನಡುವಿನ ಹುಣಸಿ ಗಿಡದಾಗ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ತಾವ. ಆ ಊರಿನವರು ಹಕ್ಕಿ ಹಿಕ್ಕಿ ಗೊಬ್ಬರ ಮಾಡಿ ಹೊಲಕ್ಕ ಹಾಕ್ತಾರ, ನೋಡಾಕ ಬಂದವರಿಂದ ನಾಕು ಕಾಸೂ ನೋಡ್ತಾರ, ಹಕ್ಕೀನ ಯಾರೂ ಓಡಸೋದಿಲ್ಲ. ನಾವೂ ಬಂದವರನ್ನ ಊರಾಗ ಮಲಗಸೋಣ. ನೀರಿನಿಂದ ದೂರ, ಮನಿ ಪಡಸಾಲ್ಯಾಗ ಕಾಟ ಹಾಕಿ, ರಾತ್ರಿ ಬಿಸಿ ರೊಟ್ಟಿ, ಝುಣಕ, ಶೇಂಗಾ ಹಿಂಡಿ ಕೊಟ್ರ ಟೆಂಟಿನ ಒಣಾ ಬ್ರೆಡ್ಡಿಗಿಂತ ಹೆಚ್ಚಿಗಿ ಕೊಟ್ಟು ತಿಂತಾರ. ನಸುಕಿನ ಐದಕ್ಕ ಎಬ್ಬಿಸಿ, ಯಾವ ಬದುವಿನ ಮ್ಯಾಲೆ ಕುಂತ್ರ ಯಾವ ಹಿಂಡು ಇಳೀತೈತಿ ಅನ್ನೋದು ತೋರಿಸೋ ಹುಡುಗ ನಮ್ಮವನ ಇರಲಿ. ಅದು ಪುಣೆಯವನಿಗೆ ಗೊತ್ತಿಲ್ಲದ ವಿದ್ಯೆ, ಅದಕ್ಕ ಪಗಾರ ತಗೊಳ್ಳಲಿ. ಅರಣ್ಯ ಇಲಾಖೆಯವರೂ ಬೋರ್ಡ್ ಹಾಕಿ ಸುಮ್ಮನ ಕೂಡೋದು ಬಿಟ್ಟು ಈ ಹುಡುಗರಿಗೆ ಒಂದು ಗುರುತಿನ ಚೀಟಿ ಕೊಡಲಿ.

ದಂಡಿಗೆ ಹೊಲ ಇದ್ದವರು ಕರಾರಿಗೆ ಸಹಿ ಮಾಡೋಕಿಂತ ಮೊದಲು ಬಾಜೂ ಹೊಲದವರನ್ನ ಒಂದ್ಸಲ ಕೇಳ್ರಿ. ಗ್ರಾಮಸಭಾ ನಡೆದಾಗ ಈ ವಿಷಯ ಎತ್ತಿ, ನೀರಿನ ದಂಡಿಗೆ ರಾತ್ರಿ ಟೆಂಟಿಲ್ಲ ಅಂತ ಠರಾವು ಬರಸ್ರಿ. ಬಾಯಿ ಮಾತು ಬ್ಯಾಡ, ಪುಸ್ತಕದಾಗ ಬರೀಬೇಕು, ನಕಲು ಪ್ರತಿ ಕೇಳಿ ತಗೋಬೇಕು. ಈಗಾಗಲೇ ಕರಾರಿಗೆ ಸಹಿ ಮಾಡಿದವರು ಇದ್ರ ಕಾಗದದ ಫೋಟೊ ತೆಗೆದು ನನಗ ಕಳಸ್ರಿ, ಕೂತು ಓದೋಣ, ಬಿಡಿಸಿಕೊಳ್ಳಾಕ ದಾರಿ ಐತೇನು ನೋಡೋಣ.