ಮಾರುವಾಗ ಕನ್ನಡ, ಎಚ್ಚರಿಸುವಾಗ ಇಂಗ್ಲಿಷ್!

ಎಡಕುಮೇರಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಹಸಿರು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿ, 57 ಸುರಂಗ, ನೂರಕ್ಕೂ ಮೀರಿದ ಸೇತುವೆ, ರೈಲಿನ ಬಾಗಿಲಲ್ಲಿ ನೇತಾಡಿ ತೆಗೆಸಿಕೊಂಡ ಫೋಟೋ. 1996ರಲ್ಲಿ ಮೀಟರ್‌ಗೇಜ್ ರೈಲು ನಿಂತಿತು. 2007ರ ಡಿಸೆಂಬರಿನಲ್ಲಿ ಬ್ರಾಡ್‌ಗೇಜ್ ಮೇಲೆ ಪ್ರಯಾಣಿಕರ ರೈಲು ಮತ್ತೆ ಓಡುವ ತನಕ ಬೆನ್ನಿಗೆ ಚೀಲ ಕಟ್ಟಿಕೊಂಡು ಆ ಹಳಿಯ ಮೇಲೆ ನಡೆದ ಬೆಂಗಳೂರಿನ ಹುಡುಗರಿಗೆ ಲೆಕ್ಕವಿಲ್ಲ.

ಆದರೆ ಆ ಹಳಿಯನ್ನು ಕಾಯುವವರಿಗೆ ಎಡಕುಮೇರಿ ಚಾರಣದ ಜಾಗವಲ್ಲ. ಸುತ್ತ ಕಾಡು. ಸ್ಟೇಷನ್ನಿಗೆ ಬಸ್ಸು ಬರುವ ರಸ್ತೆಯಿಲ್ಲ. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ವಾರಕ್ಕೂ ಹೆಚ್ಚು ಕಾಲ ರೈಲು ನಿಂತಾಗ, ಸುರಿಯುವ ಮಳೆಯಲ್ಲಿ ನಿಂತು ಹಳಿ ಉಳಿಸಿದವರು ಕೂಲಿಗಳು, ಗ್ಯಾಂಗ್‌ಮನ್‌ಗಳು. ಅಂಥ ಒಬ್ಬನಿಗೆ ನಡುರಾತ್ರಿ ಜ್ವರವೋ ಎದೆನೋವೋ ಬಂತು ಎಂದುಕೊಳ್ಳಿ. ಡಾಕ್ಟರಿಲ್ಲ, ಮೆಡಿಕಲ್ ಸ್ಟೋರಿಲ್ಲ. ಸಕಲೇಶಪುರದಿಂದ ಎಂದೋ ತಂದಿಟ್ಟ ಮಾತ್ರೆ ಶೀಟೇ ಗತಿ. ಲಾಟೀನೋ ಟಾರ್ಚೋ ಹಿಡಿದು ಅದರ ಬೆನ್ನು ತಿರುಗಿಸಿ ನೋಡುತ್ತಾನೆ. ಕೆಂಪು ಚೌಕದೊಳಗೆ ಇರುವೆ ಸಾಲಿನಂಥ ಅಕ್ಷರ. ಎಲ್ಲ ಇಂಗ್ಲಿಷ್. ಡಾಕ್ಟರ ಚೀಟಿಯಿಲ್ಲದೆ ಮಾರಕೂಡದು ಎಂದು ಅಲ್ಲಿ ಬರೆದಿದೆ. ಯಾರಿಗಾಗಿ ಬರೆದಿದೆ?

ಈ ಮಾತ್ರೆ ಶೀಟನ್ನು ಕೈಯಲ್ಲಿ ಹಿಡಿದೇ ಒಂದು ದೊಡ್ಡ ಪ್ರಶ್ನೆಗೆ ಬರೋಣ. ಡಾಕ್ಟರ ಚೀಟಿ ತೋರಿಸಿದರೆ ಮಾತ್ರ ಕೊಡಬೇಕಾದ ಔಷಧಿಗಳನ್ನು ಸೋಪು, ಬಿಸ್ಕತ್ತುಗಳಂತೆ ನೇರವಾಗಿ ಜನರಿಗೆ ಜಾಹೀರಾತು ಕೊಟ್ಟು ಮಾರಬಹುದೇ? ಮಾರಬಹುದು ಎನ್ನುವ ವಾದ ಆಗಾಗ ತಲೆಯೆತ್ತುತ್ತದೆ. ಅದಕ್ಕೆ ತೊಡಿಸುವ ಅಂಗಿ ಬಹಳ ಚೆಂದ: “ರೋಗಿಗೆ ತಿಳಿದುಕೊಳ್ಳುವ ಹಕ್ಕಿದೆ”. ಆಹಾ! ನಮ್ಮ ಹಕ್ಕಿನ ಬಗ್ಗೆ ಔಷಧ ಕಂಪನಿಗಳಿಗೆ ಎಂಥ ಕಾಳಜಿ!

ಈ ಕಾಳಜಿಯನ್ನು ನಮ್ಮ ಹಾಸನ ಜಿಲ್ಲೆಯಲ್ಲೇ ಒರೆಗೆ ಹಚ್ಚಿ ನೋಡೋಣ. 2025ರ ಮೇ ಕೊನೆಯಿಂದ ಜುಲೈ ತನಕ ಹಾಸನದ ಹೃದಯಾಘಾತದ ಸುದ್ದಿ ಕೇಳದ ಕನ್ನಡಿಗನಿಲ್ಲ. ಟಿವಿಗಳು ದಿನಕ್ಕೊಂದು ಸಾವಿನ ಲೆಕ್ಕ ಕೊಟ್ಟವು. ಸತ್ತವರಲ್ಲಿ ನಿಮ್ಮ ವಯಸ್ಸಿನವರೂ ಇದ್ದರು. ಜನ ನಡುಗಿದರು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಬೆಳಿಗ್ಗೆಯೇ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಒಂದೊಂದಾಗಿ ನೋಡಿ ಜುಲೈನಲ್ಲಿ ವರದಿ ಕೊಟ್ಟಿತು. ಎಲ್ಲ ಸಾವೂ ಹೃದಯದಿಂದ ಆದದ್ದಲ್ಲ, ಜಿಲ್ಲೆಯಲ್ಲಿ ಅಸಹಜವಾದ ಏರಿಕೆಯೂ ಕಾಣುತ್ತಿಲ್ಲ ಎಂದಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು, ಕುಡಿತ ಇವುಗಳ ಕಡೆ ಬೆರಳು ತೋರಿಸಿತು.

ಈಗ ಯೋಚಿಸಿ. ಆ ಎರಡು ತಿಂಗಳಲ್ಲಿ ಜಾಹೀರಾತಿಗೆ ಬಾಗಿಲು ತೆರೆದಿದ್ದರೆ? ಸಾವಿನ ಸುದ್ದಿಯ ಬೆನ್ನಿಗೇ ಒಬ್ಬ ನಟ ಪರದೆಗೆ ಬಂದು, ಅಚ್ಚ ಕನ್ನಡದಲ್ಲಿ, ಎದೆ ಮುಟ್ಟಿಕೊಂಡು, “ನಿಮ್ಮ ಅಪ್ಪನ ಹೃದಯ ನಿಮ್ಮ ಕೈಯಲ್ಲಿದೆ” ಎಂದು ಕೊಲೆಸ್ಟರಾಲ್ ಮಾತ್ರೆಯ ಹೆಸರು ಹೇಳುತ್ತಿದ್ದ. ಮುಂದಿನ ಬಿಡುವಿನಲ್ಲಿ ರಕ್ತ ತೆಳುಮಾಡುವ ಮಾತ್ರೆ. ಮಗ ಅಂಗಡಿಗೆ ಓಡುತ್ತಿದ್ದ, ಅಂಗಡಿಯವನು ಕೊಡುತ್ತಿದ್ದ. ಅದೇ ಅಪ್ಪನಿಗೆ ಹೊಟ್ಟೆಯಲ್ಲಿ ಹುಣ್ಣಿದ್ದರೆ, ಮಂಡಿನೋವಿಗೆ ಬೇರೆ ಮಾತ್ರೆ ನುಂಗುತ್ತಿದ್ದರೆ, ರಕ್ತ ತೆಳುವಾಗಿ ಒಳಗೇ ಸೋರಬಹುದು ಎಂದು ಹೇಳುವವರು ಯಾರು? ಆ ಮಾತು ಶೀಟಿನ ಹಿಂದೆಯೂ ಇರದು. ಡಬ್ಬಿಯೊಳಗೆ ಮಡಿಚಿಟ್ಟ ಕಾಗದವಿದ್ದರೆ ಅದರಲ್ಲಿರುತ್ತದೆ, ಇಂಗ್ಲಿಷಿನಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ.

ನಮ್ಮ ಜಗಳ ಇರುವುದೇ ಇಲ್ಲಿ. ಆಸೆ ಹುಟ್ಟಿಸುವುದಕ್ಕೂ ಹೆದರಿಸುವುದಕ್ಕೂ ಅವರಿಗೆ ಕನ್ನಡ ಬೇಕು. ಎಚ್ಚರಿಸುವ ಹೊತ್ತಿಗೆ ಇಂಗ್ಲಿಷ್ ಸಾಕು.

ಅಮೆರಿಕದಲ್ಲಿ ನಡೆಯುತ್ತಿದೆಯಲ್ಲ ಎನ್ನುವವರಿದ್ದಾರೆ. ನಡೆಯುತ್ತಿದೆ. ಚೀಟಿ ಔಷಧಿಗಳನ್ನು ಹೆಸರು ಹಿಡಿದು ಜನರಿಗೆ ಜಾಹೀರಾತು ಮಾಡಲು ಬಿಟ್ಟಿರುವ ದೇಶಗಳು ಎರಡೇ, ಅಮೆರಿಕ ಮತ್ತು ನ್ಯೂಜಿಲೆಂಡ್. ಅಮೆರಿಕದಲ್ಲಿ 1997ರಲ್ಲಿ ಟಿವಿ ಜಾಹೀರಾತಿನ ಕಟ್ಟು ಸಡಿಲಿಸಿದರು. ಆಮೇಲೆ ಮಹಾಪೂರ. ವಯಾಕ್ಸ್ ಎಂಬ ಮಂಡಿನೋವಿನ ಮಾತ್ರೆ ಅಲ್ಲಿಗೆ ಬಂದದ್ದು 1999ರಲ್ಲಿ. ಮರುವರ್ಷ ಅದರ ಜಾಹೀರಾತಿಗೆಂದೇ ಮರ್ಕ್ ಕಂಪನಿ ಸುರಿದ ಹಣ ಸುಮಾರು 16 ಕೋಟಿ ಡಾಲರ್. ಒಲಿಂಪಿಕ್ ಚಿನ್ನ ಗೆದ್ದ ಹಿಮನರ್ತಕಿಯೊಬ್ಬಳು ನಗುತ್ತಾ ಜಾರಿದಳು. ಲಕ್ಷಾಂತರ ಜನ ನುಂಗಿದರು. 2004ರ ಸೆಪ್ಟೆಂಬರ್ 30ರಂದು ಕಂಪನಿಯೇ ಆ ಮಾತ್ರೆಯನ್ನು ಜಗತ್ತಿನ ಮಾರುಕಟ್ಟೆಯಿಂದ ವಾಪಸು ಪಡೆಯಿತು. ಕಾರಣ? ಅದು ಹೃದಯಾಘಾತವನ್ನೂ ಪಾರ್ಶ್ವವಾಯುವನ್ನೂ ಹೆಚ್ಚಿಸುತ್ತಿತ್ತು! ನಮ್ಮ ದೇಶದಲ್ಲೂ ಆ ಮದ್ದನ್ನು ಅದೇ ಡಿಸೆಂಬರಿನಲ್ಲಿ ನಿಷೇಧಿಸಿದರು. ಹೊಸ ಔಷಧಿಯ ಕೆಟ್ಟ ಗುಣ ಹೊರಬೀಳಲು ವರ್ಷಗಳು ಬೇಕು. ಜಾಹೀರಾತಿಗೆ ಅಷ್ಟು ತಾಳ್ಮೆಯಿಲ್ಲ.

ಆದರೂ ಒಂದು ಮಾತು ಒಪ್ಪೋಣ. ಜಾಹೀರಾತು ನೋಡಿ ಡಾಕ್ಟರ ಬಳಿ ಹೋಗಿ, ಮುಚ್ಚಿಕೊಂಡಿದ್ದ ಕಾಯಿಲೆ ಗೊತ್ತಾದವರು ಅಲ್ಲಿ ಇದ್ದಾರೆ. ಆದರೆ ಅಲ್ಲಿ ಜಾಹೀರಾತು ನೋಡಿದವನು ಮೊದಲು ಡಾಕ್ಟರ ಬಾಗಿಲು ತಟ್ಟಲೇಬೇಕು, ಚೀಟಿಯಿಲ್ಲದೆ ಅಂಗಡಿಯವನು ಕೊಡುವುದಿಲ್ಲ. ನಮ್ಮಲ್ಲಿ? ಚೀಟಿ ಕೇಳುವ ಮೆಡಿಕಲ್ ಸ್ಟೋರ್ ನಿಮ್ಮ ಬಡಾವಣೆಯಲ್ಲಿ ಎಷ್ಟಿವೆ, ನೀವೇ ಎಣಿಸಿ. ಹೀಗೆ ಬೇಕಾಬಿಟ್ಟಿ ಮಾರುವುದನ್ನು ತಡೆಯಲೆಂದೇ 2014ರ ಮಾರ್ಚ್ 1ರಿಂದ ಬಲವಾದ ಆ್ಯಂಟಿಬಯಾಟಿಕ್‌ಗಳೂ ಸೇರಿ 46 ಔಷಧಿಗಳಿಗೆ ಷೆಡ್ಯೂಲ್ ಎಚ್1 ಎಂಬ ಬಿಗಿ ಪಟ್ಟಿ ಬಂತು. ಅಂಗಡಿಯವನು ರೋಗಿಯ ಹೆಸರು, ಡಾಕ್ಟರ ಹೆಸರು ಬರೆದಿಡಬೇಕು. 2016ರಲ್ಲಿ ಆ್ಯಂಟಿಬಯಾಟಿಕ್ ಶೀಟಿನ ಮೇಲಿನ ಕೆಂಪು ಗೆರೆಯ ಬಗ್ಗೆ ದಿಲ್ಲಿ ಪ್ರಚಾರವನ್ನೇ ನಡೆಸಿತು. ಓದು ಬಾರದವನಿಗೂ ಕಾಣುವ ಗೆರೆ, ಒಳ್ಳೆಯ ಯೋಚನೆಯೇ. ಆದರೆ ಆ ಗೆರೆಯ ಅರ್ಥವನ್ನು ನಿಮಗೆ ಕನ್ನಡದಲ್ಲಿ ಯಾರಾದರೂ ಹೇಳಿದ್ದಾರೆಯೇ?

ಕಾನೂನಿನ ಮಟ್ಟಿಗೆ ಬಾಗಿಲು ಇನ್ನೂ ಮುಚ್ಚಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಹೃದ್ರೋಗ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್ ಸೇರಿ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಮದ್ದಿದೆ ಎಂದು ಜಾಹೀರಾತು ಕೊಡುವುದನ್ನೇ ತಡೆಯುತ್ತದೆ. ಷೆಡ್ಯೂಲ್ ಎಚ್, ಎಚ್1, ಎಕ್ಸ್ ಔಷಧಿಗಳನ್ನು ಕೇಂದ್ರ ಸರ್ಕಾರದ ಮುಂಚಿತ ಅನುಮತಿಯಿಲ್ಲದೆ ಜಾಹೀರಾತು ಮಾಡಕೂಡದು ಎಂದು ಔಷಧ ನಿಯಮಗಳು ಹೇಳುತ್ತವೆ. ಅನುಮತಿಯ ಕೀಲಿಕೈ ದಿಲ್ಲಿಯಲ್ಲಿದೆ ಎಂಬುದನ್ನು ಗಮನಿಸಿ. ಅಲ್ಲಿನವರ ಮನಸ್ಸು ಬದಲಾದರೆ ಎಡಕುಮೇರಿಯವನನ್ನು ಯಾರೂ ಕೇಳುವುದಿಲ್ಲ. ಇಷ್ಟರ ನಡುವೆ ಕಿಟಕಿಯಿಂದ ನುಗ್ಗುವ ಉಪಾಯವೂ ಬಂದಿದೆ: “ರೋಗ ಜಾಗೃತಿ”. ಔಷಧಿಯ ಹೆಸರು ಹೇಳುವುದಿಲ್ಲ, ಕಾಯಿಲೆಯ ಹೆಸರು ಹೇಳಿ ಹೆದರಿಸಿ “ವೈದ್ಯರನ್ನು ಕೇಳಿ” ಎನ್ನುತ್ತಾರೆ. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳು ಭಾರತಕ್ಕೆ ಬಂದವು. ಇನ್ನು ಬೊಜ್ಜಿನ “ಜಾಗೃತಿ”ಯ ಬೆನ್ನಿಗೆ ಯಾರ ದುಡ್ಡಿದೆ ಎಂದು ಕೇಳುವುದು ತಪ್ಪೇ?

ಇಲ್ಲಿ ನಾವು ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ಕನ್ನಡದಲ್ಲಿ ಜಾಹೀರಾತು ಕೊಡಿ ಎಂದು ಬೀದಿಗಿಳಿದವರು ನಾವು. ಕೊಡದ ಕಂಪನಿಗಳ ಬೋರ್ಡಿಗೆ ಮಸಿ ಬಳಿದವರೂ ನಮ್ಮವರೇ. ಆದರೆ ಕನ್ನಡದಲ್ಲಿ ಇಷ್ಟು ವರ್ಷ ಧಾರಾಳವಾಗಿ ಸಿಕ್ಕ ಔಷಧ ಜಾಹೀರಾತು ಯಾವುದು? ಮೂಲವ್ಯಾಧಿ 3 ದಿನದಲ್ಲಿ ಮಾಯ, ಸಕ್ಕರೆ ಕಾಯಿಲೆ ಬುಡಸಮೇತ ಕಿತ್ತುಹಾಕುತ್ತೇವೆ, ಪುರುಷರೇ ನಿರಾಶರಾಗಬೇಡಿ! ಕನ್ನಡದ ಎಷ್ಟೋ ಸಣ್ಣ ಪತ್ರಿಕೆಗಳ ಒಳಪುಟಗಳು ಈ ದುಡ್ಡಿನಲ್ಲಿ ಉಸಿರಾಡಿವೆ. 1954ರ ಕಾಯ್ದೆ ಅಂಥ ಜಾಹೀರಾತನ್ನೇ ಅಪರಾಧ ಎಂದದ್ದು. ಇಂಗ್ಲಿಷ್ ಪತ್ರಿಕೆ ಓದುವವನಿಗೆ ಆರೋಗ್ಯದ ಅಂಕಣ, ಕನ್ನಡ ಓದುವವನಿಗೆ ಲಾಡ್ಜಿನಲ್ಲಿ ಕೂತ ವೈದ್ಯನ ವಿಳಾಸ. ಕನ್ನಡದಲ್ಲಿದೆ ಎಂಬ ಒಂದೇ ಕಾರಣಕ್ಕೆ ಇದಕ್ಕೆ ಚಪ್ಪಾಳೆ ತಟ್ಟಬೇಕೇ? 2024ರಲ್ಲಿ ಪತಂಜಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕ್ಷಮಾಪಣೆಯೂ ಜಾಹೀರಾತಿನಷ್ಟೇ ದೊಡ್ಡದಾಗಿತ್ತೇ ಎಂದು ಕೇಳಿತು. ನಮ್ಮ ಪತ್ರಿಕೆಗಳ ಮಾಲೀಕರು ಆ ಪ್ರಶ್ನೆಯನ್ನು ಕತ್ತರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಬಹುದು.

ಹಾಗಾದರೆ ರೋಗಿಗೆ ತಿಳಿಯುವುದು ಬೇಡವೇ? ಬೇಕು. ಅದಕ್ಕೆ ಜಾಹೀರಾತು ಬೇಡ, ಕನ್ನಡದ ಚೀಟಿ ಸಾಕು. ಅಸಾಧ್ಯ ಎನ್ನುವವರನ್ನು ಎಡಕುಮೇರಿಯಿಂದ ಘಾಟಿ ಹತ್ತಿಸಿ ಸಕಲೇಶಪುರದ ಕಾಫಿ ತೋಟಗಳಿಗೆ ಕರೆದುಕೊಂಡು ಹೋಗಿ. ಅಲ್ಲಿ ಗಿಡಕ್ಕೆ ಹೊಡೆಯುವ ಕೀಟನಾಶಕದ ಡಬ್ಬಿ ನೋಡಲಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಅದರ ಲೇಬಲ್ಲೂ ಒಳಗಿನ ಕರಪತ್ರವೂ ಹಿಂದಿ, ಇಂಗ್ಲಿಷ್ ಜೊತೆಗೆ ಮಾರಾಟವಾಗುವ ಸೀಮೆಯ ಒಂದೆರಡು ಭಾಷೆಗಳಲ್ಲಿ ಇರಬೇಕು. ವಿಷ ಮೈಗೇರಿದರೆ ಲಕ್ಷಣವೇನು, ತಕ್ಷಣ ಏನು ಮಾಡಬೇಕು ಎಂಬುದೂ ಆ ಕರಪತ್ರದಲ್ಲಿರಬೇಕು. ಗಿಡದ ಹುಳುವಿಗೆ ಹಾಕುವ ಮದ್ದು ಐವತ್ತು ವರ್ಷಗಳ ಹಿಂದೆಯೇ ಕನ್ನಡ ಕಲಿಯಬೇಕಾಯಿತು. ಅದೇ ತೋಟದ ಕೂಲಿಯ ಹೊಟ್ಟೆಗೆ ಹೋಗುವ ಮಾತ್ರೆಗೆ ಇನ್ನೂ ಆ ಕಟ್ಟಳೆಯಿಲ್ಲ!

ಬೀಡಿ ಸಿಗರೇಟಿನ ಕಾನೂನು ಇನ್ನೂ ನೇರ. 2003ರ ತಂಬಾಕು ಕಾಯ್ದೆಯ 9ನೇ ಕಲಮು ಹೇಳುವುದು ಇಷ್ಟೆ: ಪೊಟ್ಟಣದ ಮೇಲೆ ಯಾವ ಭಾಷೆ ಬಳಸುತ್ತೀರೋ ಎಚ್ಚರಿಕೆಯೂ ಆ ಭಾಷೆಯಲ್ಲಿರಬೇಕು. ಇದನ್ನೇ ಔಷಧಿಗೂ ಹಿಗ್ಗಿಸಿ ಎನ್ನುತ್ತೇವೆ. ಚೀಟಿಯಿಲ್ಲದೆ ಸಿಗುವ ನೋವಿನ ಮುಲಾಮು, ಕೆಮ್ಮಿನ ಸಿರಪ್ಪುಗಳಿಗೆ ಕನ್ನಡ ಟಿವಿಯಲ್ಲಿ ಹಾಡು ಕಟ್ಟಿಸುವ ಕಂಪನಿ ಡಬ್ಬಿಯ ಮೇಲೂ ಕನ್ನಡದಲ್ಲೇ ಎಚ್ಚರಿಸಲಿ. ಚೀಟಿ ಔಷಧಿಗೆ ಜಾಹೀರಾತು ಯಾವ ಭಾಷೆಯಲ್ಲೂ ಬೇಡ. ಏಕೆ, ಎಷ್ಟು, ಯಾರು ನುಂಗಬಾರದು ಎಂಬುದು ಮಾತ್ರ ಕನ್ನಡದಲ್ಲಿ ಬರಲಿ.

ಶೀಟಿನಲ್ಲಿ ಜಾಗವಿಲ್ಲವಂತೆ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಯಿತು. ಅದಕ್ಕೆ ಜಾಗ ಸಿಕ್ಕಿತಲ್ಲ! ಆ ಕೋಡನ್ನೇ ಒತ್ತಿದರೆ ಕನ್ನಡದ ವಿವರ ತೆರೆಯುವಂತೆ ಮಾಡಬಹುದು. ಆದರೆ ಸಿಗ್ನಲ್ ಸಿಗದ ಕಾಡಿನಲ್ಲಿರುವವನಿಗೆ ಕಾಗದವೇ ಬೇಕು, ಅದನ್ನೂ ಮರೆಯಬೇಡಿ. ಆ ಹಳಿಯ ಮೇಲೆ ದುಡಿಯುವವರಲ್ಲಿ ಹೊರರಾಜ್ಯದವರೂ ಇದ್ದಾರೆ. ಅವರ ಊರಿನಲ್ಲಿ ಅವರ ಭಾಷೆಯ ಚೀಟಿ ಇರಲಿ. ನಮಗೆ ಅದರ ಮೇಲೆ ಹೊಟ್ಟೆಕಿಚ್ಚಿಲ್ಲ.

ಲೇಬಲ್ ನಿಯಮ ದಿಲ್ಲಿಯದು ಎಂದು ವಿಧಾನಸೌಧ ಕೈತೊಳೆದುಕೊಳ್ಳಬಹುದು. ಬಿಡಬಾರದು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಆಧಾರದ ಮೇಲೆ, ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರೂ ಬಳಕೆಯ ವಿವರವೂ ಕನ್ನಡದಲ್ಲಿರಬೇಕೆಂದು 2025ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರವೇ ಆದೇಶ ಹೊರಡಿಸಿದೆ. ಇಂಗ್ಲಿಷ್ ಇರಲಿ, ಪಕ್ಕದಲ್ಲಿ ಕನ್ನಡ ಬರೆಯಿರಿ ಎಂದರೆ ಯಾವ ನಿಯಮವೂ ಮುರಿಯುವುದಿಲ್ಲ. ಪೀಣ್ಯದ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಕಾರ್ಖಾನೆಯಲ್ಲಿ ಕೇಂದ್ರದ ಜೊತೆ ರಾಜ್ಯ ಸರ್ಕಾರಕ್ಕೂ ಪಾಲಿದೆ. ಅಲ್ಲಿಂದ ಹೊರಡುವ ಶೀಟಿನಿಂದಲೇ ಶುರುವಾಗಲಿ.

ನಿಮ್ಮಿಂದ ಆಗಬೇಕಾದ್ದು ಇಷ್ಟು. ಮನೆಯ ಔಷಧಿ ಡಬ್ಬ ತೆರೆದು ಅಪ್ಪ, ಅಮ್ಮ, ಅಜ್ಜಿ ನುಂಗುವ ಮಾತ್ರೆಗಳ ಶೀಟು ಅವರ ಕೈಗೇ ಕೊಟ್ಟು ಓದಲು ಹೇಳಿ. ಅವರಿಗೆ ಓದಲಾಗದ ಶೀಟು ಖಾಲಿಯಾದ ಮೇಲೆ ಬಿಸಾಡಬೇಡಿ. ಲಕೋಟೆಗೆ ಹಾಕಿ, ಆರೋಗ್ಯ ಸಚಿವರು, ವಿಧಾನಸೌಧ, ಬೆಂಗಳೂರು ಎಂದು ವಿಳಾಸ ಬರೆದು ಅಂಚೆಗೆ ಹಾಕಿ. ಜೊತೆಗೆ ಒಂದೇ ಸಾಲು ಸಾಕು: ಇದರಲ್ಲಿ ಏನು ಬರೆದಿದೆ ಎಂದು ನಮ್ಮ ಅಜ್ಜಿಗೆ ಕನ್ನಡದಲ್ಲಿ ತಿಳಿಸಿ.