ಸುತ್ತೂರಿಲ್ಲದ ಊರು

ಸಂಜೆಯಾಯಿತೆಂದರೆ ಮನೆಮನೆಯ ಟಿ.ವಿ.ಯಲ್ಲಿ ಒಂದು ಹಳ್ಳಿ ತೆರೆದುಕೊಳ್ಳುತ್ತದೆ. ತೊಟ್ಟಿಮನೆ, ತೆಂಗಿನ ತೋಟ, ತುಂಬಿದ ಕೊಳ, ಅಪ್ಪಣೆ ಕೊಡುವ ಗೌಡರು, ಕಣ್ಣೀರಿಡುವ ಸೊಸೆ. ಪಕ್ಕದೂರಿನ ಹೆಸರೂ ಆಗಾಗ ಕೇಳಿಬರುತ್ತದೆ. ಆದರೆ ಹೆಣ್ಣು ತರಲು, ಇಲ್ಲವೇ ಹಗೆ ಸಾಧಿಸಲು ಮಾತ್ರ. ಆ ಊರುಗಳ ನಡುವೆ ಹರಿಯುವ ಹಳ್ಳವಿಲ್ಲ, ಹಂಚಿಕೊಂಡ ಗೋಮಾಳವಿಲ್ಲ, ಕೆರೆಯ ಕೋಡಿಯಿಲ್ಲ.

ಕಲ್ಪಿತ ಊರೆಂಬುದೇ ದೋಷವಲ್ಲ. 1935ರಲ್ಲಿ ಆರ್.ಕೆ. ನಾರಾಯಣ್ ತಮ್ಮ ಮೊದಲ ಕಾದಂಬರಿಯಲ್ಲಿ ಮಾಲ್ಗುಡಿಯನ್ನು ಸೃಷ್ಟಿಸಿದರು. ಆ ಊರಿಗೆ ಸರಯೂ ನದಿಯಿತ್ತು, ಮೆಂಪಿ ಕಾಡಿತ್ತು. 1986ರಲ್ಲಿ ಶಂಕರ್‌ನಾಗ್ ಅದನ್ನು ದೂರದರ್ಶನಕ್ಕೆ ತಂದಾಗ ಆಗುಂಬೆಯ ಬೀದಿ, ಮಳೆ, ಮನೆಗಳೇ ಮಾಲ್ಗುಡಿಯಾದವು. ಇಂದು ಅರಸಾಳು ರೈಲು ನಿಲ್ದಾಣದಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವಿದೆ. ಕಲ್ಪಿತ ಊರಿಗೆ ಸ್ಮಾರಕ ದೊರೆಯಿತು; ನಿಜವಾದ ಎಷ್ಟೋ ಕೆರೆಗಳಿಗೆ ಗಡಿಕಲ್ಲೂ ದೊರೆತಿಲ್ಲ.

ಗೌರಿಬಿದನೂರು ತಾಲ್ಲೂಕಿನ ಅಲೀಪುರವನ್ನು ನೋಡಬೇಕು. ರತ್ನದ ಹರಳುಗಳ ವ್ಯಾಪಾರ, ಮೊಹರಂನ ಶೋಕಾಚರಣೆ, ಉರ್ದು ಮಾತಿನ ಓಣಿಗಳು, ಸುತ್ತ ಕನ್ನಡ–ತೆಲುಗು ಬೆರೆತ ರಾಗಿ, ಜೋಳದ ಹೊಲಗಳು. ಧಾರಾವಾಹಿಯ ಹಳ್ಳಿಯಲ್ಲಿ ಇಂಥ ಊರಿಗೆ ಎಡೆಯಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಅಧಿಕ ಮಳೆ. ಈ ಸೀಮೆಗೆ ಅದರ ಹತ್ತನೆಯ ಒಂದು ಭಾಗದ ಆಸುಪಾಸು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಮಳೆ ಬಂದಾಗಷ್ಟೇ ನದಿ. ಆದ್ದರಿಂದಲೇ ಹಿರಿಯರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನೂರಿನ ಕೆರೆ ಕೋಡಿ ಬಿದ್ದರೆ ಕೆಳಗಿನೂರಿಗೆ ನೀರು. ಮೇಲೆ ರಾಜಕಾಲುವೆ ಒತ್ತುವರಿಯಾದರೆ ಕೆಳಗೆ ಬಾವಿ ಬತ್ತುತ್ತದೆ. ಇಲ್ಲಿ ಸುತ್ತೂರಿಲ್ಲದೆ ಊರಿಲ್ಲ.

ಆ ಸರಪಳಿ ಕಡಿದದ್ದೇ ಈ ಸೀಮೆಯ ನಿಜವಾದ ಕಥೆ. ರಾಗಿಯ ಹೊಲಗಳಿಗೆ ನೀಲಗಿರಿ ಬಂತು. ಹೊಸದಾಗಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ಕೊಳವೆಬಾವಿಗಳು ಪಾತಾಳಕ್ಕಿಳಿದಿದ್ದವು, ನೀರಿನೊಡನೆ ಫ್ಲೋರೈಡ್ ಮೇಲೆ ಬಂದಿತ್ತು. ಈಗ ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತದ ಶುದ್ಧೀಕರಣದ ಬಳಿಕ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಮೂರನೆಯ ಹಂತವೂ ಬೇಕೆಂದು ರೈತರು ಕೇಳುತ್ತಲೇ ಇದ್ದಾರೆ. ಯಾವ ಧಾರಾವಾಹಿಯ ಗೌಡರು ಈ ನೀರಿನ ಬಗ್ಗೆ ಪಂಚಾಯಿತಿ ಸೇರಿಸಿದ್ದಾರೆ?

ಮನರಂಜನೆಯ ಮೇಲೆ ಇಷ್ಟು ಕೋಪವೇಕೆ ಎನ್ನುವವರುಂಟು. ಕೋಪ ಕಣ್ಣೀರಿನ ಮೇಲಲ್ಲ, ಕೊಳದ ಮೇಲೆ. ಎಂದೂ ಬತ್ತದ ಆ ಕೊಳವನ್ನೇ ದಿನವೂ ಕಂಡ ಪಟ್ಟಣಿಗನಿಗೆ ಹಳ್ಳಿಯ ನೀರಿನ ಬೇಡಿಕೆ ಅತಿಯಾಸೆಯಾಗಿ ತೋರುತ್ತದೆ. ಅದನ್ನೇ ಕಂಡ ಹಳ್ಳಿಯ ಹುಡುಗನಿಗೆ ತನ್ನ ಊರು ನಾಚಿಕೆಯಾಗಿ ತೋರುತ್ತದೆ. ಎರಡೂ ಅಪಾಯವೇ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ವಿದ್ಯಾರ್ಥಿಗಳು ಗ್ರಾಮಸಭೆಯಲ್ಲಿ ಅದನ್ನು ಕೇಳಿ ಓದಲಿ. ಹಳ್ಳ, ಗೋಮಾಳ, ಕೆರೆ, ಕೋಡಿ, ಕಾಲುವೆಗಳ ಹೆಸರುಗಳು ಅದರಲ್ಲಿ ಬಿಟ್ಟುಹೋಗಿದ್ದರೆ ಹಿರಿಯರನ್ನು ಕೇಳಿ ಬರೆಸಲಿ. ಕೋಡಿಯ ನೀರು ಯಾವ ಊರಿಗೆ ಹೋಗುತ್ತದೆಂದು ಬಲ್ಲವರನ್ನು ಸುತ್ತೂರಿಲ್ಲದ ಊರು ಮರುಳುಮಾಡಲಾರದು.