ಬಜ್ಜಿಗೆ ಸುಮ್ಮನೆ ಬೈದಿದ್ದೆ

ಹೊಟ್ಟೆ ಉರಿದ್ರೆ ನಮ್ಮನೇಲಿ ಮೊದಲು ಬೈಸಿಕೊಳ್ಳೋದು ಮೆಣಸಿನಕಾಯಿ ಬಜ್ಜಿ. ನಾನೂ ನಾಲ್ಕು ತಿಂಗಳು ಬಜ್ಜಿ ಬಿಟ್ಟೆ, ಬೆಳಗ್ಗೆ ಎದ್ದ ಕೂಡಲೇ 'ಗ್ಯಾಸ್ಟ್ರಿಕ್'ಗೆ ಅಂತ ಪ್ಯಾಂಟೊಪ್ರಜೋಲ್ ನುಂಗಿದೆ. ಉರಿ ಹೋಗಲಿಲ್ಲ. ಕೊನೆಗೆ ಡಾಕ್ಟರ್ ಕೇಳಿದ್ದು, "ತಲೆನೋವಿಗೆ ಏನು ತಗೋತೀರಿ?"

ಐಬುಪ್ರೊಫೇನ್. ವಾರಕ್ಕೆ ಮೂರ್ನಾಲ್ಕು. ಲ್ಯಾಪ್‌ಟಾಪ್ ಬ್ಯಾಗಲ್ಲೇ ಇರ್ತಿತ್ತು.

ಆಮ್ಲ ಜಠರವನ್ನೇ ಸುಡದ ಹಾಗೆ ಅದರ ಒಳಗೋಡೆಗೆ ಲೋಳೆಯ ಪದರ ಇರುತ್ತೆ. ಆ ಲೋಳೆ ಉಂಟಾಗಲು ಪ್ರೊಸ್ಟಗ್ಲಾಂಡಿನ್ ಬೇಕು. ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಅದನ್ನೇ ತಡೆಯುತ್ತವೆ, ಅದೂ ರಕ್ತಕ್ಕೆ ಸೇರಿದ ಮೇಲೆ. ಹಾಗಾಗಿ "ಊಟ ಮಾಡಿಯೇ ತಗೊಂಡೆ" ಅನ್ನೋ ಸಮಾಧಾನ ಅರ್ಧ ಮಾತ್ರ. ಕಾವಲು ಕಮ್ಮಿಯಾದ ಗೋಡೆಯಲ್ಲಿ ಉರಿಯೂತ ಶುರುವಾಗುತ್ತೆ. ಅದೇ ಗ್ಯಾಸ್ಟ್ರೈಟಿಸ್.

ಇನ್ನೊಂದು ದೊಡ್ಡ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಗ್ಯಾಸ್ಟ್ರೈಟಿಸ್ ಬರಿಸಿಕೊಂಡರು! 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ಉಸಿರಿನ ಅಥವಾ ಮಲದ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತೆ. ಆದರೆ ಪ್ಯಾಂಟೊಪ್ರಜೋಲ್ ನುಂಗ್ತಾ ಇದ್ರೆ, ಸೋಂಕು ಇದ್ದರೂ ಇಲ್ಲ ಅಂತ ಬರಬಹುದು. ಡಾಕ್ಟರನ್ನು ಕೇಳಿ ಎರಡು ವಾರ ಮೊದಲೇ ನಿಲ್ಲಿಸಬೇಕು.

ಮಲ ಟಾರಿನ ಹಾಗೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಎದೆ ಬಿಗಿದು ಬೆವರಿದರೂ ಅಷ್ಟೇ, ಗ್ಯಾಸ್ ಅಂತ ಸೋಡಾ ಕುಡೀತಾ ಕೂರಬೇಡಿ.

ನನ್ನ ತಲೆನೋವಾ? ಕನ್ನಡಕದ ನಂಬರ್ ಬದಲಾಗಿತ್ತು.